ಕಿವಿರೆತ್ತದೆ ನೋಡುವುದು

ಶಾರ್ಜಾದ ಹಕ್ಕಿ ಮಾರ್ಕೆಟ್ಟಿನ ಕೊನೆಯ ಸಾಲು,
ಗಿಳಿಗಳ ಗಲಾಟೆ ಮುಗಿಯುವಲ್ಲಿ
ಮೊಫಿಜುಲ್‌ನ ಅಂಗಡಿ.
ಗೋಡೆಯುದ್ದ ಹಲಗೆ, ಹಲಗೆಯುದ್ದ ಪ್ಲಾಸ್ಟಿಕ್ ಲೋಟ,
ಲೋಟಕ್ಕೊಂದು ಬೆಟ್ಟಾ ಮೀನು,
ಮುಚ್ಚಳಕ್ಕೆ ಸೂಜಿಯಲ್ಲಿ ಚುಚ್ಚಿದ ನಾಲ್ಕು ತೂತು.

"ಯಾಕಪ್ಪಾ ಎಲ್ಲರೂ ಒಬ್ಬೊಬ್ಬರೇ?" ಎಂದಳು ಧನ್ವಿ.
ಜೊತೆಗಿಟ್ಟರೆ ಕಚ್ಚಾಡಿ ಸಾಯುತ್ತವೆ ಪುಟ್ಟಾ, ಎಂದೆ.
ಅವಳಮ್ಮ ನನ್ನ ಮುಖ ನೋಡಿ ನಕ್ಕಳು.
ಹನ್ನೊಂದು ಜನರ ರೂಮಿನಲ್ಲಿ ಏಳು ವರ್ಷ
ಮೇಲಿನ ಮಂಚದಲ್ಲಿ ಮಲಗಿದವ ನಾನು;
ಕಚ್ಚಾಡಿದ್ದುಂಟು, ಸತ್ತಿಲ್ಲ.

ಮೀನು ಆರಿಸುವುದು ಕಲಿತದ್ದು ಮಲ್ಪೆಯ ದಕ್ಕೆಯಲ್ಲಿ.
ಅಮ್ಮ ಬುಟ್ಟಿ ಇಳಿಸಿ ಹೇಳುತ್ತಿದ್ದಳು:
ಕಿವಿರೆತ್ತು, ಕೆಂಪಿರಬೇಕು.
ಹೊಟ್ಟೆ ಒತ್ತು, ಬೆರಳು ತೆಗೆದರೆ ಗುಳಿ ಉಳಿಯಬಾರದು.
ಆಮೇಲೆ ಕಣ್ಣು ನೋಡು.
ಮಾರುವವಳು ಸುಳ್ಳು ಹೇಳಬಹುದು, ನಾನೂ ಹೇಳಿದ್ದುಂಟು,
ಕಣ್ಣಿಗೆ ಆ ವಿದ್ಯೆ ಬರುವುದಿಲ್ಲ.
ಬಂಗುಡೆಗೂ ಬೂತಾಯಿಗೂ ಅಂಜಲಿಗೂ ಒಂದೇ ಪರೀಕ್ಷೆ.

ಆದರೆ ಅದು ಸತ್ತ ಮೀನಿನ ಶಾಸ್ತ್ರ.
ಬದುಕಿಸಲಿಕ್ಕೆಂದು ಮೀನು ಕೊಳ್ಳುವುದು
ನಮ್ಮ ಮನೆತನದಲ್ಲೇ ಮೊದಲು.

ಬಗ್ಗಿದೆ, ಮೂಗು ಲೋಟಕ್ಕೆ ತಾಗುವಷ್ಟು.
ನೀಲಿಯದು ಚೆಂದ, ಧನ್ವಿಯ ಕಣ್ಣು ಅದರ ಮೇಲೆಯೇ.
ಆದರೆ ತಳದಲ್ಲಿ ಒರಗಿದೆ, ರೆಕ್ಕೆ ಮಡಚಿಕೊಂಡು,
ಮಳೆ ಬಾರದ ಈ ಊರಿನ ಕೊಡೆಯ ಹಾಗೆ.
ಬಿಳಿಯದರ ಬೆನ್ನಿಗೆ ಉಪ್ಪು ಉದುರಿಸಿದಂಥ ಚುಕ್ಕಿ.
ಇನ್ನೊಂದಕ್ಕೆ ಹೊಟ್ಟೆ ಉಬ್ಬಿ ಹುರುಪೆಯೆಲ್ಲ ನಿಮಿರಿವೆ.
"ಗುಂಡು ಗುಂಡಗಿದೆ!" ಎಂದಳು.
ಬೇಡ, ಎಂದೆ.
"ನೀಲಿ?"
ಅದೂ ಬೇಡ.

ಮಂಗಳೂರಿನ ಒಂದು ತಣ್ಣನೆಯ ಕೋಣೆಯಲ್ಲಿ
ಅಂಗಿ ಬಿಚ್ಚಿ ಸಾಲಾಗಿ ನಿಂತಿದ್ದೆವು ನಾವೂ,
ಕೈಯಲ್ಲಿ ನಂಬರಿನ ಚೀಟಿ.
ಉಸಿರು ಎಳಿ. ಹಿಡಿ. ಬಿಡು.
ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಕಣ್ಣು ನೋಡಲಿಲ್ಲ.
ನನ್ನ ಕಾಗದಕ್ಕೆ 'ಫಿಟ್' ಬಿತ್ತು.
ಲೀಲಾಧರನ ಎದೆಯ ಪಟದಲ್ಲಿ ನಾಲ್ಕಾಣೆಯಗಲದ ಕಲೆ,
ಯಾವ ಕಾಲದಲ್ಲೋ ವಾಸಿಯಾದದ್ದು;
ಕಲೆ ಕಲೆಯೇ ಎಂದರು.
ಹೊಸ ಸೂಟ್‌ಕೇಸು ಕೊಂಡಿದ್ದ, ನನಗೇ ಕೊಟ್ಟ.
ಈಗಲೂ ಮಂಚದಡಿ ಇದೆ, ಹಿಡಿಕೆ ಮುರಿದು.

"ಸಬ್ ಫಸ್ಟ್ ಕ್ಲಾಸ್ ಹೈ ಭಾಯಿ" ಎಂದ ಮೊಫಿಜುಲ್.
ಹಾಗಾದರೆ ಒಂದೊಂದು ಕಾಳು ಹಾಕು, ಎಂದೆ.
ನೀಲಿ ಕಾಳನ್ನು ನೋಡಲೇ ಇಲ್ಲ.
ಅವನು ತಲೆ ಕೆರೆದುಕೊಂಡು ದನಿ ತಗ್ಗಿಸಿದ:
"ಮೊದಲ ಮೀನಲ್ಲವಾ? ಗಟ್ಟಿಯದನ್ನೇ ಒಯ್ಯಿ.
ಮಗು ಮೂರನೇ ದಿನ ಅಳಬಾರದು."

ಮೂಲೆಯ ಲೋಟದ ಹೊರಗೆ ಬೆರಳಾಡಿಸಿದೆ.
ಇಟ್ಟಿಗೆ ಬಣ್ಣದ್ದೊಂದು ತಿರುಗಿತು,
ಬೆರಳು ಹೋದಲ್ಲಿಗೆ ಬಂತು,
ಮೇಲೆ ಹೋಗಿ ಒಂದು ಗುಟುಕು ಗಾಳಿ ಕುಡಿದು
ಮತ್ತೆ ಬಂತು, ಬಾಕಿ ಕೇಳುವವನ ಹಾಗೆ.
ಹೆಂಡತಿ ಚೀಲದಿಂದ ಪೌಡರಿನ ಕನ್ನಡಿ ತೆಗೆದು ಹಿಡಿದಳು.
ತನ್ನನ್ನೇ ಕಂಡು ಎಂಥ ಸಿಟ್ಟು!
ರೆಕ್ಕೆಯೆಲ್ಲ ಬಿಚ್ಚಿ, ಎರಡೂ ಕಿವಿರು ಅಗಲಿಸಿ ನಿಂತಿತು.
ನಾನು ಎತ್ತಬೇಕಾಗಲಿಲ್ಲ ಅಮ್ಮಾ,
ತಾನೇ ಎತ್ತಿ ತೋರಿಸಿತು.

ಹೊರಗೆ ನಲವತ್ತಾರು ಡಿಗ್ರಿ.
ಚೀಲವನ್ನು ಧನ್ವಿಯ ಮಡಿಲಲ್ಲಿಟ್ಟು, ಟವೆಲು ಹೊದಿಸಿ,
ಎಸಿ ಮುಖಕ್ಕೆ ಬಡಿಯದಂತೆ ತಿರುಗಿಸಿ, ನಿಧಾನ ಓಡಿಸಿದೆ.
ಮನೆಯಲ್ಲಿ ನಿನ್ನೆಯೇ ಕ್ಲೋರಿನ್ ಕಳೆದಿಟ್ಟ ನೀರು,
ರೋಲಾ ಪಾರ್ಕಿನ ಹತ್ತಿರ ಹೆಕ್ಕಿ ತೊಳೆದ ಒಂದು ಬಾದಾಮಿ ಎಲೆ.
ಚೀಲ ಅರ್ಧ ಗಂಟೆ ತೇಲಿತು.
ಬಿಟ್ಟೆವು.
ಒಂದು ಸುತ್ತು ಹಾಕಿ ಎಲೆಯಡಿ ಹೋಗಿ ನೋಡಿತು,
ಹೊಸ ರೂಮಿಗೆ ಬಂದವನು ಮೊದಲು
ಚಾರ್ಜರಿನ ಪ್ಲಗ್ ಹುಡುಕುವಂತೆ.

ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದಳು:
"ನೀಲಿ ಈಗ ಏನು ಮಾಡುತ್ತಿದೆ?"
ಅದಕ್ಕೂ ಮನೆ ಸಿಕ್ಕಿರುತ್ತದೆ, ಮಲಗು, ಎಂದೆ.

ಎದ್ದು ಕೂತಳು. ದೀಪ ಹಾಕಿದಳು.
ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ
ಕಣ್ಣು ನೋಡಿದಳು,
ಅಜ್ಜಿಯ ಮೊಮ್ಮಗಳು.